ಅರ್ಧ ಇಂಚು ಹೆಚ್ಚಿದ್ದ ಟ್ರಾಕ್ಟರು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ಕರೆಂಟ್ ಬಿಲ್ಲಿಗೆ ಮಾತ್ರ. ಹೆಂಡತಿ ಅದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಬಿಲ್ಲಿನವರು ತಪ್ಪಾಗಿ ಬರೆಯುತ್ತಿದ್ದರು. ಉಳಿದ ಊರಿಗೆಲ್ಲ ಅವನು ಅರ್ಧಿಂಚು. ಟೈಲರ್ ಕೆಲಸ. ಎಲ್ಲ ಟೈಲರುಗಳೂ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಡುತ್ತಾರೆ, ಅದು ಧರ್ಮ. ಈ ಪುಣ್ಯಾತ್ಮ ಅದರ ಮೇಲೆ ಇನ್ನೂ ಅರ್ಧ ಇಂಚು ಬಿಡುತ್ತಿದ್ದ. ಪ್ಯಾಂಟಿಗೂ ಅಷ್ಟೇ, ಕೋಟಿಗೂ ಅಷ್ಟೇ, ಸೋಫಾದ ಗವಸಿಗೂ ಅಷ್ಟೇ. ಸೋಫಾ ಎಲ್ಲಾದರೂ ಮೈ ಬಂದು ದಪ್ಪಗಾಗುತ್ತದೆಯೇ ಎಂದು ಕೇಳಿದವರಿಗೆ ಅವನ ಹತ್ತಿರ ಒಂದೇ ಉತ್ತರವಿತ್ತು.

"ಇರಲಿ ಬಿಡಿ, ಮುಂದೆ ಬೇಕಾಗುತ್ತೆ. ಬಿಚ್ಚಿಕೊಳ್ಳಬಹುದು."

ಒಮ್ಮೆ ನಿವೃತ್ತನಾದ ಅಂಚೆಯವನೊಬ್ಬ, ಕೋಲೂರಿಕೊಂಡು ಬಂದವನು, ಕನ್ನಡಿಯ ಮುಂದೆ ನಿಂತು ತನ್ನ ಹೊಸ ಪ್ಯಾಂಟು ಪಾದದ ಮೇಲೆ ಕುಳಿತುಬಿಟ್ಟಿದ್ದನ್ನು ನೋಡಿ, "ಮಾಸ್ಟ್ರೇ, ನಾನಿನ್ನು ಎಲ್ಲಿಗೆ ಬೆಳೀಲಿ?" ಎಂದಿದ್ದ. ಅರ್ಧಿಂಚು ಮುಖ ಗಂಭೀರ ಮಾಡಿಕೊಂಡು, "ಯಾರು ಕಂಡಿದ್ದಾರೆ ಸಾರ್" ಎಂದಿದ್ದ. ಇಂಥ ಆಶಾವಾದಿಗೆ ಅಂಗಡಿ ನಡೆಯುವುದು ಹೇಗೆ? ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅವನ ಪಾಲಿಗೆ ಉಳಿದದ್ದು ಜಿಪ್ಪು ಹಾಕುವುದು ಮತ್ತು ಬೇರೆಯವರು ಹೊಲಿದ ಪ್ಯಾಂಟನ್ನು ಗಿಡ್ಡ ಮಾಡುವುದು. ಗಿಡ್ಡ ಮಾಡುವಾಗಲೂ ಕೈ ಬರುತ್ತಿರಲಿಲ್ಲ, ಅದು ಬೇರೆ ವಿಷಯ.

ಈ ಚಾಳಿ ಅವನಿಗೆ ಅಂಟಿದ್ದು ಅವನ ಅಕ್ಕನಿಂದ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಡೇರಿಯ ಹಾಲಿನ ವ್ಯಾನು ಓಡಿಸಿ ಅವನನ್ನು ಸಾಕಿದಳು. ಹೆಂಗಸು ವ್ಯಾನು ಓಡಿಸುವುದನ್ನು ನೋಡಿ ಊರು ಮೂಗು ಮುರಿಯಿತು, ಮುರಿದ ಮೂಗಿನಲ್ಲೇ ಅವಳು ತಂದ ಹಾಲು ಕುಡಿಯಿತು. ತಮ್ಮನಿಗೆ ಶಾಲೆಯ ಅಂಗಿ ಹೊಲಿಯುವಾಗ ಅವಳು ತೋಳಿನ ತುದಿಯಲ್ಲಿ ಮಡಿಕೆಯ ಮೇಲೆ ಮಡಿಕೆ ಹಾಕಿ ಬಿಡುತ್ತಿದ್ದಳು. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. "ಬೆಳೆಯೋ ಮಗು, ಬಿಟ್ಟು ಹೊಲೀಬೇಕು" ಎನ್ನುತ್ತಿದ್ದಳು. ಮಗು ಬೆಳೆದು, ತಲೆ ಬೋಳಾಗಿ, ಕನ್ನಡಕ ಬಂದರೂ ಪಾಠ ಮಾತ್ರ ಮರೆಯಲಿಲ್ಲ.

ಆಮೇಲೆ ಅಕ್ಕ ಊರಾಚೆ ಒಂದು ಚಿಕ್ಕ ತೋಟ ಮಾಡಿಕೊಂಡಳು. ಬದನೆ, ಬೀನ್ಸು, ಕುಂಬಳ. ಬೆಳಿಗ್ಗೆ ಹೋದರೆ ಕತ್ತಲಾಗುವ ಮೊದಲು ಬರುತ್ತಿದ್ದಳು, ಬರುವಾಗ ಯಾರನ್ನಾದರೂ ಬೈದುಕೊಂಡೇ ಬರುತ್ತಿದ್ದಳು, ಒಟ್ಟಿನಲ್ಲಿ ಸುಖವಾಗಿದ್ದಳು. ಕಳೆದ ವರ್ಷ ಅವಳ ಎಡ ಸೊಂಟದ ಕೀಲು ಸವೆದು, ಆಸ್ಪತ್ರೆಯವರು ಅದನ್ನು ತೆಗೆದು ಲೋಹದ್ದೊಂದು ಕೂರಿಸಿದರು. ಬಗ್ಗಬೇಡಿ, ಗುದ್ದಲಿ ಮುಟ್ಟಬೇಡಿ ಎಂದರು. ಅಷ್ಟು ಪುಟ್ಟ ತೋಟಕ್ಕೆ ಬಾಡಿಗೆ ಟ್ರಾಕ್ಟರಿನವರು ಬರುವುದಿಲ್ಲ, ಬಂದವನೊಬ್ಬ ತಿರುಗಿಸಲು ಜಾಗ ಸಾಲದೆ ಬೇಲಿಯನ್ನೇ ಎಳೆದುಕೊಂಡು ಹೋದ. ತಮ್ಮನ ಕೈಗೆ ಗುದ್ದಲಿ ಕೊಟ್ಟರೆ ಅದು ಮೊದಲು ಹುಡುಕುವುದು ಅವನ ಕಾಲನ್ನೇ.

ಒಂದು ದಿನ ಅಕ್ಕ ಕಿಟಕಿಯ ಪಕ್ಕ ಕೂತು ಬಟಾಣಿ ಬಿಡಿಸುತ್ತಾ, ಬಟಾಣಿಯ ಬೆಲೆ ಹೇಳುವಷ್ಟು ಸಲೀಸಾಗಿ ಹೇಳಿದಳು: "ತೋಟಾನ ಲಾರಿ ಯಜಮಾನನಿಗೆ ಕೊಟ್ಟುಬಿಡ್ತೀನಿ ಕಣೋ. ಜಲ್ಲಿ ಹಾಸಿ ಲಾರಿ ನಿಲ್ಲಿಸ್ಕೋತಾನಂತೆ. ಬಿತ್ತನೆ ಶುರುವಾಗೋ ಹೊತ್ತಿಗೆ ಗೇಟಿನ ಕೀಲಿ ಕೊಡ್ತೀನಿ ಅಂದಿದ್ದೀನಿ."

"ಆಮೇಲೆ ನೀನು ಏನ್ಮಾಡ್ತೀಯ?"

"ಏನ್ಮಾಡೋದು? ಕೂತ್ಕೋತೀನಿ."

ಅರ್ಧಿಂಚು ಅವಳ ಕೈ ನೋಡಿದ. ಬಟಾಣಿ ತಟ್ಟೆಗೂ ಸಿಪ್ಪೆ ಬುಟ್ಟಿಗೂ ಹೋಗಬೇಕಾಗಿತ್ತು. ಎರಡೂ ಬುಟ್ಟಿಗೇ ಹೋಗುತ್ತಿದ್ದವು. ಅಕ್ಕ ಕೂತುಬಿಟ್ಟರೆ ಮತ್ತೆ ಏಳುವುದಿಲ್ಲ ಎಂಬುದು ಅವನಿಗೆ ಅಲ್ಲೇ, ಆ ಕಿಟಕಿಯ ಪಕ್ಕದಲ್ಲೇ ಗೊತ್ತಾಗಿಹೋಯಿತು.

ಅಂಥ ಹೊತ್ತಿನಲ್ಲಿ ಬುದ್ಧಿವಂತರು ಯೋಚನೆ ಮಾಡುತ್ತಾರೆ. ಅರ್ಧಿಂಚು ಟ್ರಾಕ್ಟರು ತಂದ.

ಮುಚ್ಚಿಹೋದ ಹಿಟ್ಟಿನ ಗಿರಣಿಯ ಹಿಂದೆ ಅದು ಎಷ್ಟೋ ವರ್ಷದಿಂದ ನಿಂತಿತ್ತು. ಸಣ್ಣ ಟ್ರಾಕ್ಟರು, ದೊಡ್ಡ ಟ್ರಾಕ್ಟರಿನ ಮರಿಯ ಹಾಗೆ. ಚಕ್ರದ ನಡುವೆ ಬಳ್ಳಿ ಹಬ್ಬಿತ್ತು, ಟೂಲ್ ಬಾಕ್ಸಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು, ವೈರುಗಳನ್ನು ಇಲಿಗಳು ಪೀಳಿಗೆಯಿಂದ ಪೀಳಿಗೆಗೆ ತಿನ್ನುತ್ತಾ ಬಂದಿದ್ದವು. ಸೀಟಿನಲ್ಲಿ ಸ್ಪ್ರಿಂಗು ಮಾತ್ರ ಇತ್ತು, ಅದೂ ಕೂರುವವನ ಮೇಲೆ ಹಗೆ ಸಾಧಿಸುವಂಥ ಸ್ಪ್ರಿಂಗು. ಮಣ್ಣು ಕಲಸುವ ರೋಟವೇಟರು ಮಾತ್ರ ತಗಡಿನ ಕೆಳಗೆ ಇದ್ದುದರಿಂದ ಹಾಗೇ ಉಳಿದಿತ್ತು. ಗಿರಣಿಯವನಿಗೆ ಅದು ಹೋದರೆ ಸಾಕಾಗಿತ್ತು. ಕೋಳಿಯನ್ನು ಮಾತ್ರ ಬಿಟ್ಟುಹೋಗಬೇಕೆಂದು ಕರಾರು ಹಾಕಿದ.

ಅದನ್ನು ಅಂಗಡಿಯ ಮುಂದೆ ಇಳಿಸಿದಾಗ ಹೆಂಡತಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ರೀ, ಇದೇನಿದು?"

"ಟ್ರಾಕ್ಟರು ಕಣೆ."

"ಅದು ಹಿಂದೆ ಆಗಿತ್ತು. ಈಗೇನದು?"

"ಅಕ್ಕ ಓಡಿಸೋಕೆ. ಕೂತು ಮಾಡೋ ಕೆಲಸ ಮಾಡಬಹುದು ಅಂತ ಡಾಕ್ಟ್ರೇ ಹೇಳಿದ್ದಾರೆ."

"ಅವರು ಬಟಾಣಿ ಬಿಡಿಸೋದನ್ನ ಹೇಳಿರ್ತಾರೆ, ನಿಮ್ಮ ತಲೆ!" ಎಂದಳು ಅವಳು. ಆದರೂ ಸಂಜೆಯೊಳಗೆ ಸೋಪಿನ ನೀರು, ತೆಂಗಿನ ನಾರು ಹಿಡಿದು ಬಂದು ಬಾನೆಟ್ಟು ಉಜ್ಜುತ್ತಿದ್ದಳು. ಕೊಳೆ ಕಂಡರೆ ಸುಮ್ಮನಿರುವುದು ಅವಳಿಗೂ ಆಗದು.

ಕಬ್ಬಿಣದ ಕೆಲಸಕ್ಕೆ ಎದುರುಗಡೆಯ ವೆಲ್ಡರ್ ಸಿಕ್ಕಿದ. ಜಗತ್ತಿನಲ್ಲಿ ಯಾವುದೂ ಸರಿಹೋಗುವುದಿಲ್ಲ ಎಂದು ನಂಬಿ, ಎಲ್ಲವನ್ನೂ ಸರಿಮಾಡಿಕೊಡುವ ಮನುಷ್ಯ ಅವನು. ಡೀಸೆಲ್ ಟ್ಯಾಂಕನ್ನು ಕಳಚಿ ಅಲುಗಾಡಿಸಿದಾಗ ಒಳಗಿಂದ ಬಂದ ತುಕ್ಕಿನಲ್ಲಿ ಇನ್ನೊಂದು ಟ್ಯಾಂಕು ಮಾಡಬಹುದಿತ್ತು. ಫಿಲ್ಟರು ಕಲ್ಲಾಗಿತ್ತು. ಕ್ಲಚ್ಚು ಅಂಟಿಕೊಂಡಿತ್ತು. ಅದಕ್ಕೊಂದು ಮರದ ತುಂಡು ಒತ್ತಿಟ್ಟು, ಗಾಡಿಯನ್ನು ಗೇರಿನಲ್ಲಿ ಹಾಕಿ ಇಬ್ಬರೂ ಹಿಂದಕ್ಕೂ ಮುಂದಕ್ಕೂ ಜಗ್ಗಿ ಜಗ್ಗಿ, ಕೊನೆಗೆ ಅದು ಟಕ್ ಎಂದು ಬಿಟ್ಟುಕೊಂಡಾಗ ಇಬ್ಬರೂ ನೆಲದ ಮೇಲೆ ಕೂತಿದ್ದರು. ಬೀದಿಯವರಿಗೆ ಒಳ್ಳೆ ಹೊತ್ತು ಹೋಗುತ್ತಿತ್ತು. ಸಲಹೆ ಕೊಡುವವರಿಗಂತೂ ಬರವೇ ಇರಲಿಲ್ಲ, ಪಾನಾ ಹಿಡಿದುಕೊಳ್ಳಿ ಎಂದಾಗ ಮಾತ್ರ ಎಲ್ಲರಿಗೂ ಮನೆಯ ನೆನಪಾಗುತ್ತಿತ್ತು.

ಎಂಜಿನು ಉಸಿರಾಡತೊಡಗಿದ ಮೇಲೆ ಅರ್ಧಿಂಚಿನ ನಿಜವಾದ ಕೆಲಸ ಶುರುವಾಯಿತು. ಗಾಡಿಯನ್ನು ಅಕ್ಕನ ಮೈಗೆ ಹೊಂದಿಸಬೇಕಿತ್ತು. ಅವಳ ಎಡಗಾಲು ಕ್ಲಚ್ಚು ತುಳಿಯಲಾರದು, ಆದ್ದರಿಂದ ಕ್ಲಚ್ಚಿಗೆ ಉದ್ದನೆಯ ಕೈಹಿಡಿ. ಕಾಲೆತ್ತಿ ಹತ್ತಲಾರಳು, ಆದ್ದರಿಂದ ತಗ್ಗಿನಲ್ಲಿ ಒಂದು ಮೆಟ್ಟಿಲು. ಸೊಂಟ ತಿರುಚಬಾರದು, ಆದ್ದರಿಂದ ಪಕ್ಕಕ್ಕೆ ತಿರುಗುವ ಸೀಟು. ಪಕ್ಕದಿಂದ ಕೂತು ಆಮೇಲೆ ಸೀಟಿನ ಸಮೇತ ಮುಂದಕ್ಕೆ ತಿರುಗುವುದು. ಸಲೂನಿನವನು ಎಸೆದ ಕುರ್ಚಿಯ ಬುಡ ಇದಕ್ಕೆ ಬಂತು. ಇಷ್ಟು ಹೊತ್ತಿಗೆ ವೆಲ್ಡರನಿಗೂ ಸ್ವಲ್ಪ ಗೌರವ ಹುಟ್ಟಿತ್ತು. ಅಷ್ಟರಲ್ಲಿ ಅರ್ಧಿಂಚು ಸೀಟಿನ ಮೇಲೆ ಕಟ್ಟುವ ಬಟ್ಟೆಯ ಬಿಸಿಲುಮರೆಗೆ ಸುತ್ತಲೂ ಝಾಲರಿ ಹೊಲಿದು ತಂದು ಆ ಗೌರವವನ್ನು ಕಳೆದುಕೊಂಡ.

ಅಳತೆ ಬೇಕಲ್ಲ? ಅಕ್ಕನಿಗೆ ಹೇಳಿದರೆ ಬೇಡ ಎನ್ನುತ್ತಾಳೆ. ಟೇಪು ಕೊರಳಿಗೆ ಹಾಕಿಕೊಂಡು ಹೋದ.

"ಚಳಿ ಬರ್ತಾ ಇದೆ ಅಕ್ಕ, ನಿನಗೊಂದು ಕೋಟು ಹೊಲೀತೀನಿ, ನಿಲ್ಲು."

ತೋಳು, ಭುಜ ಆದವು. ಆಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಸೊಂಟದಿಂದ ಮಂಡಿ, ಮಂಡಿಯಿಂದ ಹಿಮ್ಮಡಿ ಅಳೆದ.

"ಕೋಟಿಗೆ ಹಿಮ್ಮಡಿ ಯಾಕೋ?"

"ಉದ್ದ ಕೋಟು."

"ಕೂತ್ಕೊಂಡು ಹಾಕ್ಕೋಳೋ ಕೋಟಾ?"

"ಈಗ ಹಂಗೇ ಫ್ಯಾಶನ್ನು."

ಅಕ್ಕ ಅವನನ್ನು ಒಮ್ಮೆ ನೋಡಿ ಕಾಲು ನೀಡಿದಳು. ಕೊನೆಗೆ ಅವಳನ್ನು ನಿಲ್ಲಿಸಿ ಎತ್ತರ ಅಳೆದಾಗ ಅವನೇ ಗಾಬರಿಯಾದ. ಅಕ್ಕನ ಅಳತೆ ಅವನಿಗೆ ಬಾಯಿಪಾಠ. ಈಗ ಟೇಪು ಬೇರೆ ಹೇಳುತ್ತಿತ್ತು, ಅಕ್ಕ ಗಿಡ್ಡವಾಗಿದ್ದಳು. ಟೇಪು ಹಳೆಯದು, ಹಿಗ್ಗಿಹೋಗಿದೆ ಎಂದು ಅಂಗಡಿಗೆ ಓಡಿ ಹೊಸದು ತಂದು ಮತ್ತೆ ಅಳೆದ. ಹೊಸ ಟೇಪೂ ಹಳೆಯದರ ಮಾತನ್ನೇ ಹೇಳಿತು. ಟೇಪು ಮಾಡುವವರಿಗೆ ಈಗ ನಿಯತ್ತಿಲ್ಲ ಎಂದುಕೊಂಡು ಅವನು ಮನೆಗೆ ಬಂದ.

ಬಂದವನು ಎಲ್ಲದಕ್ಕೂ ಅರ್ಧ ಇಂಚು ಬಿಟ್ಟ. ಸೀಮೆಸುಣ್ಣದಿಂದ ಕಬ್ಬಿಣದ ಮೇಲೆ ಗೆರೆ ಎಳೆಯುತ್ತಿದ್ದ, ವೆಲ್ಡರ್ ಕತ್ತರಿಸುತ್ತಿದ್ದ. ಬಿಸಿಲುಮರೆಯ ಪೈಪು ಉದ್ದವಾಯಿತು, ಮೆಟ್ಟಿಲು ಉದ್ದವಾಯಿತು.

"ಮಾಸ್ಟ್ರೇ, ಇದು ಪ್ಯಾಂಟಲ್ಲ."

"ಇರಲಿ ಬಿಡಪ್ಪ, ಮುಂದೆ ಬೇಕಾಗುತ್ತೆ."

"ಕಬ್ಬಿಣದಲ್ಲಿ ಏನು ಬಿಚ್ತೀರ?"

ಎರಡು ದಿನ ವಾದ ಮಾಡಿ ವೆಲ್ಡರ್ ಕೈಬಿಟ್ಟ. ಗೆರೆ ಎಲ್ಲಿದೆಯೋ ಅಲ್ಲಿ ಕತ್ತರಿಸುವುದಷ್ಟೇ ತನ್ನ ಕೆಲಸ ಎಂದು ತೀರ್ಮಾನಿಸಿದ. ಮೆಟ್ಟಿಲು, ಪೈಪಿನ ಮಟ್ಟಿಗೆ ಯಾರ ಗಂಟೂ ಹೋಗಲಿಲ್ಲ. ಆದರೆ ಬ್ರೇಕಿನ ಪೆಡಲಿನಿಂದ ಹಿಂದಿನ ಚಕ್ರದ ಕಡೆಗೆ ಒಂದು ಸರಳು ಹೋಗುತ್ತದೆ. ಪೆಡಲ್ ತುಳಿದರೆ ಅದು ಎಳೆಯಬೇಕು, ಚಕ್ರ ನಿಲ್ಲಬೇಕು. ಹಳೆಯ ಸರಳು ತುಕ್ಕು ತಿಂದು ಮುರಿದಿತ್ತು. ಹೊಸದನ್ನು ಅರ್ಧಿಂಚು ಅಳೆದುಕೊಟ್ಟ, ವೆಲ್ಡರ್ ಗೆರೆಯ ಮೇಲೆ ಕತ್ತರಿಸಿ ಎರಡೂ ತುದಿಗೆ ಕೊಂಡಿ ಬೆಸೆದು ಸಿಕ್ಕಿಸಿದ. ನಿಂತ ಗಾಡಿಯಲ್ಲಿ ತುಳಿದು ನೋಡಿದರು. ಪೆಡಲ್ ಕೆಳಗೆ ಹೋಯಿತು, ಮೇಲೆ ಬಂತು. ಇನ್ನೇನು ಬೇಕು?

ಕೀಲಿ ಕೊಡಬೇಕಾದ ದಿನ ಹತ್ತಿರ ಬಂದಿತ್ತು. ಅಕ್ಕನಿಗೆ ತೋರಿಸುವ ಮೊದಲು ತಾನೇ ಒಂದು ಸುತ್ತು ಹೋಗಿ ಬರುತ್ತೇನೆಂದು ಅರ್ಧಿಂಚು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೇಲೇರಿ ಕೂತ. ಬೀದಿಯ ತುದಿಯವರೆಗೂ ಹೋದದ್ದು ರಾಜನ ಹಾಗೆ. ಬರುವಾಗ ಬೀದಿ ಇಳಿಜಾರು, ಇಳಿಜಾರಿನ ಕೊನೆಗೆ ಅವನದೇ ಅಂಗಡಿ. ಅಂಗಡಿ ಹತ್ತಿರ ಬಂದಾಗ ಕೈಹಿಡಿ ಎಳೆದು ಕ್ಲಚ್ಚು ಹಿಡಿದು ಬ್ರೇಕು ತುಳಿದ. ಅರ್ಧ ಇಂಚು ಸಡಿಲವಿದ್ದ ಸರಳು ಎಳೆಯುವ ಮೊದಲೇ ಪೆಡಲ್ ಕಾಲಡಿಯ ತಗಡಿಗೆ ಹೋಗಿ ಕೂತಿತು. ಗಾಡಿ ನಿಲ್ಲಲಿಲ್ಲ.

"ಕ್ಲಚ್ ಬಿಡ್ರೀ! ಗೇರಲ್ಲೇ ನಿಲ್ಲುತ್ತೆ, ಕ್ಲಚ್ ಬಿಡ್ರೀ!" ವೆಲ್ಡರ್ ಕೂಗಿದ.

ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದ ಮನುಷ್ಯ ಗಾಬರಿಯಾದರೆ ಏನು ಮಾಡುತ್ತಾನೆ? ಕೈಹಿಡಿಯನ್ನು ಎದೆಗೆ ಅವಚಿಕೊಂಡು ಎರಡೂ ಪಾದಗಳಿಂದ ಪೆಡಲನ್ನು ತುಳಿಯತೊಡಗಿದ, ಟಕಟಕ ಟಕಟಕ, ಮದುವೆಯ ಸೂಟು ಸಂಜೆಗೆ ಕೊಡಬೇಕಾದವನ ಹಾಗೆ. ಟ್ರಾಕ್ಟರು ಗಾಜನ್ನು ಒಡೆದು, ಟ್ರಯಲ್ ರೂಮಿನ ಪರದೆಯನ್ನು ಹೊದ್ದು, ಕತ್ತರಿಸುವ ಮೇಜಿಗೆ ಆನಿಕೊಂಡು ನಿಂತಿತು. ಪ್ರದರ್ಶನದ ಬೊಂಬೆ, ಸೂಟು ತೊಟ್ಟುಕೊಂಡೇ, ಬಾನೆಟ್ಟಿನ ಮೇಲೆ ಕವುಚಿ ಬಿದ್ದಿತ್ತು. ಯಾರಿಗೂ ಏಟಾಗಲಿಲ್ಲ. ಅರ್ಧಿಂಚಿನ ಮಾನ ಮಾತ್ರ ಹರಾಜಾಯಿತು, ಬೀದಿಯೆಲ್ಲ ಬಂದು ಕೂಗಿತು. "ಗಾಡಿಗೂ ಟ್ರಯಲ್ ಕೊಡ್ತೀರಾ ಮಾಸ್ಟ್ರೇ?" ಎಂದ ಸಲೂನಿನವನು. ಅರ್ಧಿಂಚು ಸೀಟಿನಿಂದ ಇಳಿಯದೆ ಹಾಗೇ ಕೂತಿದ್ದ. ಅಕ್ಕನನ್ನು ಇದರ ಮೇಲೆ ಕೂರಿಸುವವನಿದ್ದೆ ಎಂಬ ಒಂದೇ ಯೋಚನೆ ಅವನ ತಲೆಯಲ್ಲಿ.

ಊರ ಬಾಯಿಗೆ ಸುದ್ದಿ ಸಿಕ್ಕಿದರೆ ಕಾಲು ಬೇಕೇ? ಮಾರನೆಯ ಮಧ್ಯಾಹ್ನ ಅಕ್ಕ ಕೋಲೂರಿಕೊಂಡು ಬಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅಷ್ಟು ದೂರ ಅವಳು ನಡೆದಿರಲಿಲ್ಲ. ಅರ್ಧಿಂಚಿನ ಹೆಂಡತಿ ಕುರ್ಚಿ ತಂದಿಟ್ಟು, "ಕೂತ್ಕೊಳ್ಳಿ ಅತ್ತಿಗೆ, ನಿಮ್ಮ ಕೋಟು ನೋಡಿ" ಎಂದು ಗಾಡಿಯ ಕಡೆ ಕೈ ತೋರಿಸಿದಳು.

ಅಕ್ಕ ಕೂರಲಿಲ್ಲ. ಗಾಡಿಯನ್ನು ಒಂದು ಸುತ್ತು ಬಂದಳು. ಮೆಟ್ಟಿಲು ನೋಡಿದಳು. ಝಾಲರಿ ನೋಡಿ, "ಇದು ಯಾವ ಸರ್ಕಸ್ಸಿಂದೋ" ಎಂದಳು. ಆಮೇಲೆ ಕೋಲನ್ನು ತಮ್ಮನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಬಲಗಾಲಿಟ್ಟು, ಸೀಟಿಗೆ ಪಕ್ಕದಿಂದ ಕೂತು, ಮುಂದಕ್ಕೆ ತಿರುಗಿದಳು. ಸೊಂಟ ನೋಯಲಿಲ್ಲ. ಸ್ಟೇರಿಂಗು ಕೈಗೆ ಬಂತು, ಕೈಹಿಡಿ ಕೈಗೆ ಬಂತು. ಹಾಲಿನ ವ್ಯಾನಿನಲ್ಲಿ ಕೂರುತ್ತಿದ್ದಾಗ ಇದ್ದ ಹಾಗೆ ಅವಳ ಬೆನ್ನು ನೆಟ್ಟಗಾಗಿತ್ತು.

ಅವಳು ಬ್ರೇಕು ತುಳಿದಳು. ಪೆಡಲ್ ತಗಡಿಗೆ ಬಡಿಯಿತು.

"ಇದಕ್ಕೂ ಬಿಟ್ಟಿದ್ದೀಯಾ?"

"ಅಭ್ಯಾಸ ಅಕ್ಕ."

"ಕತ್ತರಿಸು."

"ಕತ್ತರಿಸ್ತೀನಿ. ಆದರೆ ಸ್ವಲ್ಪ ಇರಲಿ, ಮುಂದೆ ಏನಾದ್ರೂ..."

"ಮುಂದೆ ಏನೋ? ನಾನು ಬೆಳೀತೀನಾ?" ಅಕ್ಕನ ದನಿ ಏರಿತು. ಬಾಗಿಲಲ್ಲಿ ನಗುತ್ತಾ ನಿಂತಿದ್ದ ಬೀದಿಯವರು ನಗು ನಿಲ್ಲಿಸಿದರು. "ನಿನಗೆ ಬಿಟ್ಟು ಹೊಲಿದೆ, ನೀನು ಬೆಳೆಯೋ ಮಗು ಅಂತ. ನಾನು ಮುದುಕಿ ಕಣೋ. ವರ್ಷ ವರ್ಷ ಗಿಡ್ಡ ಆಗ್ತಿದ್ದೀನಿ. ನೀನು ಟೇಪು ಬದಲಾಯಿಸ್ಕೊಂಡು ಬಂದಾಗ ನನಗೆ ಗೊತ್ತಾಗಲಿಲ್ಲ ಅಂದ್ಕೊಂಡ್ಯಾ? ಇನ್ನೆಷ್ಟು ದಿನ ಇರ್ತೀನೋ, ಅಷ್ಟು ದಿನ ಓಡಿಸ್ತೀನಿ. ನನ್ನ ಇವತ್ತಿನ ಅಳತೆಗೆ ಮಾಡಿಕೊಡು. ನಾನು ತುಳಿದಾಗ ಗಾಡಿ ನಿಲ್ಲಬೇಕು."

ವೆಲ್ಡರ್ ಸರಳನ್ನು ಬಿಡಿಸಿ ಇಕ್ಕಳದಲ್ಲಿ ಬಿಗಿದ. ಅರ್ಧಿಂಚು ಟೇಪು ಇಟ್ಟ, ಮತ್ತೊಮ್ಮೆ ಇಟ್ಟ, ಸರಿಯಾಗಿ ಅಳತೆಯ ಮೇಲೆ ಗೆರೆ ಎಳೆದ. ವೆಲ್ಡರ್ ಕತ್ತರಿಸುವ ಯಂತ್ರ ಎತ್ತಿಕೊಂಡಾಗ, "ಕೊಡಪ್ಪ, ನಾನೇ" ಎಂದು ಕೈಗರಗಸ ತೆಗೆದುಕೊಂಡ. ಅಕ್ಕನ ಲೆಕ್ಕದಲ್ಲಿ ಅವನು ಯಾವತ್ತೂ ಮಡಚಿಟ್ಟಿದ್ದ ಆ ಹೆಚ್ಚಿನ ತುಂಡು ನೆಲಕ್ಕೆ ಬಿದ್ದಾಗ ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಕಬ್ಬಿಣದ ಪುಡಿ ಬಿತ್ತು ಎಂದ. ಬೀದಿಯ ಜನ ಅಪರೂಪಕ್ಕೆ ದೊಡ್ಡ ಮನಸ್ಸು ಮಾಡಿ ಅದನ್ನು ನಂಬಿದರು.

ಕೀಲಿ ಕೊಡುವ ದಿನ ಲಾರಿ ಯಜಮಾನ ತೋಟದ ಗೇಟಿಗೆ ಬಂದಾಗ ಒಳಗೆ ಅರ್ಧ ನೆಲ ಕಪ್ಪಗೆ ಮಗ್ಗುಲು ಬದಲಾಯಿಸಿತ್ತು. ಝಾಲರಿಯ ಕೆಳಗಿಂದ ಅಕ್ಕ ಅವನನ್ನು ನೋಡಿದಳು, ರೋಟವೇಟರನ್ನು ಮೇಲೆತ್ತಿ ಗಾಡಿಯನ್ನು ನೇರ ಅವನ ಕಡೆಗೇ ತಂದಳು. ಅರ್ಧಿಂಚಿನ ಅಂಗಡಿಯ ಕಥೆ ಅವನೂ ಕೇಳಿದ್ದ. "ಅಕ್ಕೋರೇ! ಅಕ್ಕೋರೇ!" ಎನ್ನುತ್ತಾ ಹಿಂದಕ್ಕೆ ಹೋಗಿ ಬೇಲಿಗೆ ಅಂಟಿಕೊಂಡ. ಅಕ್ಕ ಬ್ರೇಕು ತುಳಿದಳು. ಗಾಡಿ ಅವನ ಬೂಟಿನ ಮುಂದೆ ನಿಂತಿತು.

"ಕೀಲಿ ಕಳೆದುಹೋಗಿದೆ. ಸಿಕ್ಕಿದಾಗ ಹೇಳಿ ಕಳಿಸ್ತೀನಿ" ಎಂದಳು. ಕೀಲಿ ಅವಳ ಕೊರಳಲ್ಲೇ ದಾರಕ್ಕೆ ನೇತಾಡುತ್ತಿತ್ತು.

ಬೇಲಿಯ ಪಕ್ಕ ನಿಂತಿದ್ದ ಅರ್ಧಿಂಚು ಹಲ್ಲು ಕಿರಿದ. ಅಕ್ಕ ಅವನ ಕಡೆ ತಿರುಗಿದಳು. "ನೀನೇನು ನಗೋದು? ನನ್ನ ಕೋಟು ಎಲ್ಲೋ? ಹಿಮ್ಮಡಿವರೆಗೂ ಅಳತೆ ತಗೊಂಡೆಯಲ್ಲ?"

ಕೋಟು ವಾರದಲ್ಲಿ ಬಂತು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬಿಟ್ಟಿಲ್ಲ ತಾನೆ?" ಎಂದಳು.

"ಇಲ್ಲ ಅಕ್ಕ, ಆಣೆ. ಇವತ್ತಿನ ಅಳತೆ."

ಅವಳು ಅಂಚನ್ನು ಮಗುಚಿ ಬೆರಳಾಡಿಸಿದಳು. ಒಳಗೆ ಮಡಿಕೆಯ ಮೇಲೆ ಮಡಿಕೆ, ಶಾಲೆಯ ಅಂಗಿಯಲ್ಲಿದ್ದ ಹಾಗೆ. ಅರ್ಧ ಇಂಚಲ್ಲ, ಪೂರಾ ಮೂರು ಇಂಚು. ಅರ್ಧಿಂಚು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಅಕ್ಕ ಕೋಟು ತೊಟ್ಟು ಗುಂಡಿ ಹಾಕಿಕೊಂಡಳು.

"ಹೋಗಲಿ ಬಿಡು" ಎಂದಳು. "ಕೋಟಿಗೆ ಬ್ರೇಕು ಬೇಕಾಗಿಲ್ಲ."